ಅಗಳಿಯ ಸ್ವಿಫ್ಟು, ಬೆಂಗಳೂರಿನ ಡಾಲ್ಫಿನ್

ನಮ್ಮ ಅಗಳಿ ಮಡಕಶಿರಾ ಸೀಮೆಯ ಒಂದು ಮಂಡಲ ಕೇಂದ್ರ. ರಾಜ್ಯ ಆಂಧ್ರ, ಮನೆಮಾತು ಕನ್ನಡ, ಪೇಟೆ ವ್ಯವಹಾರಕ್ಕೆ ಹತ್ತಿರ ಶಿರಾ. 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿದ್ದೆವು, ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದ್ದೇವೆ. ಇಲ್ಲಿನ ಟೀ ಅಂಗಡಿ ಮುಂದೆ ಅರ್ಧ ಗಂಟೆ ಕೂತರೆ ಎಪಿ 02, ಎಪಿ 39, ಕೆಎ 06, ಕೆಎ 64 ಎಲ್ಲ ಪ್ಲೇಟುಗಳೂ ಕಣ್ಣ ಮುಂದೆ ಹಾದುಹೋಗುತ್ತವೆ. ಪ್ಲೇಟು ಯಾವುದೇ ಇರಲಿ, ಹುಡುಗರ ಕೈಯಲ್ಲಿರುವ ಗಾಡಿ ಬಹಳ ಸಲ ಒಂದೇ, ಸೆಕೆಂಡ್ ಹ್ಯಾಂಡ್ ಮಾರುತಿ ಸ್ವಿಫ್ಟ್. ನನ್ನದೂ ಅದೇ. 2012ರ ಡೀಸೆಲ್ ವಿಡಿಐ. ಕೊಂಡಾಗ ಎರಡನೇ ಮಾಲೀಕನಾದೆ. ಅದಕ್ಕೆ ಏನೇನು ಹಾಕಿಸಿದೆ, ಏನೇನು ಬಿಚ್ಚಿಸಿದೆ ಅನ್ನುವುದರಲ್ಲೇ ಈ ಅಧ್ಯಾಯದ ಅರ್ಧ ಪಾಠ ಇದೆ.

ಅಗ್ಗದ ಕಾರು ಓಡಿಸಲು ಮಜಾ ಕೊಡಬೇಕಾದರೆ ಅದರಲ್ಲಿ ಏನಿರಬೇಕು? ಕೇಳಿದವರೆಲ್ಲ ಮೊದಲು ಹೇಳುವುದು ‘ಪಿಕಪ್’. ಪಿಕಪ್ಪಿಗೆ ಕಾರಣ ಎಂಜಿನ್ ಎಂದು ನಂಬಿದ್ದೇವೆ. ಅರ್ಧ ನಿಜ. ಇನ್ನರ್ಧ ತೂಕ. ಇದನ್ನು ತಿಳಿಯಲು ಬೆಂಗಳೂರಿನಲ್ಲೇ ಹುಟ್ಟಿ ಸತ್ತ ಒಂದು ಕಾರಿನ ಕಥೆ ಸಾಕು.

ಬೆಂಗಳೂರಿನ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್, ಅಂದರೆ ಸಿಪಾನಿ ಮನೆತನದ ಕಂಪನಿ, 1970ರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಕಾರು ಮಾಡುತ್ತಿತ್ತು. 1982ರಲ್ಲಿ ಅದೇ ಕಂಪನಿ ಡಾಲ್ಫಿನ್ ತಂದಿತು. ಅದು ಬ್ರಿಟನ್ನಿನ ರಿಲಾಯಂಟ್ ಕಿಟನ್ ಎಂಬ ಕಾರಿನ ನಮ್ಮೂರ ಅವತಾರ. 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಸುಮಾರು 40 ಅಶ್ವಶಕ್ತಿ. ಕಬ್ಬಿಣದ ಚಾಸಿ ಮೇಲೆ ಫೈಬರ್‌ಗ್ಲಾಸ್ ಬಾಡಿ. ಎಂಜಿನ್ ಮುಂದಿದ್ದರೂ ಎಳೆಯುವುದಿಲ್ಲ, ಹಿಂದಿನ ಚಕ್ರ ತಳ್ಳುತ್ತದೆ. ಇಡೀ ಗಾಡಿ ತೂಗಿದರೆ ಅರ್ಧ ಟನ್ನಿನ ಆಸುಪಾಸು.

ಆ ಕಾಲದಲ್ಲಿ ರಸ್ತೆ ಮೇಲಿದ್ದ ಪ್ರೀಮಿಯರ್ ಪದ್ಮಿನಿಗೂ ಸುಮಾರು ಅಷ್ಟೇ ಅಶ್ವಶಕ್ತಿ, ಆದರೆ ತೂಕ 900 ಕೆಜಿ ಹತ್ತಿರ. ಒಂದು ಟನ್ನಿಗೆ ಎಷ್ಟು ಕುದುರೆ ಅಂತ ಲೆಕ್ಕ ಹಾಕಿ: ಪದ್ಮಿನಿಗೆ 45 ಆಜುಬಾಜು, ಡಾಲ್ಫಿನ್‌ಗೆ 75ರ ಮೇಲೆ. ಎಂಜಿನ್ ಒಂದಿಷ್ಟೂ ದೊಡ್ಡದಾಗಿಲ್ಲ, ಹೊರೆ ಇಳಿದಿದೆ ಅಷ್ಟೆ. ರೇಸಿನವರ ಕಣ್ಣು ಕೂಡಲೇ ಅದರ ಮೇಲೆ ಬಿತ್ತು. ಮದ್ರಾಸಿನ ಬಳಿ ಶೋಳಾವರಂ ವಿಮಾನ ಪಟ್ಟಿಯ ರೇಸುಗಳಲ್ಲೂ ದಕ್ಷಿಣದ ರ‍್ಯಾಲಿಗಳಲ್ಲೂ ಡಾಲ್ಫಿನ್ ಓಡಿತು. ತಿರುವಿನಲ್ಲಿ ಹಿಂಬದಿ ಜಾರಿಸಿಕೊಂಡು ಹೋಗುವ ಆಟ ಗೊತ್ತಿದ್ದವನಿಗೆ ಹಿಂದಿನ ಚಕ್ರ ತಳ್ಳುವ ಹಗುರ ಗಾಡಿಗಿಂತ ಬೇಕಾದ್ದು ಇನ್ನೇನು?

ಮನೆಯವರ ಲೆಕ್ಕ ಬೇರೆ. ಬಾಗಿಲು ಎರಡೇ, ಅಜ್ಜಿಯನ್ನು ಹಿಂದಿನ ಸೀಟಿಗೆ ಹತ್ತಿಸಲು ಮುಂದಿನ ಸೀಟು ಮಡಚಬೇಕು. ಫೈಬರ್ ಬಾಡಿಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಗುದ್ದಿದರೆ ತಗಡಿನಂತೆ ತಗ್ಗಾಗದೆ ಬಿರುಕು ಬಿಡುತ್ತದೆ. ಊರಿನ ಟಿಂಕರಿಂಗ್ ಶೆಡ್ಡಿನ ಸುತ್ತಿಗೆಗೆ ಅಲ್ಲಿ ಕೆಲಸವಿಲ್ಲ. 1983ರ ಡಿಸೆಂಬರ್‌ನಲ್ಲಿ ನಾಲ್ಕು ಬಾಗಿಲಿನ ಮಾರುತಿ 800 ಬಂದ ಮೇಲೆ ಡಾಲ್ಫಿನ್ ಕಥೆ ಮುಗಿಯುತ್ತಾ ಬಂತು. ಕಂಪನಿ ಅದನ್ನೇ ತಿದ್ದಿ ಮೊಂಟಾನಾ ಅಂತ ಐದು ಬಾಗಿಲಿನ ಕಾರು ಮಾಡಿತು. ಅದೂ ನಿಲ್ಲಲಿಲ್ಲ. ನನ್ನ ಮಟ್ಟಿಗೆ ಕರ್ನಾಟಕದಲ್ಲಿ ತಯಾರಾದ ಕಾರುಗಳಲ್ಲಿ ಸಾಮಾನ್ಯನ ಕೈಗೆಟಕುವ ಓಟದ ಕಾರು ಅನ್ನಬಹುದಾದ್ದು ಡಾಲ್ಫಿನ್ ಒಂದೇ.

ಆ ಜಾಗವನ್ನು ಮತ್ತೆ ತುಂಬಿದ್ದು 2005ರ ಮೇ ತಿಂಗಳಲ್ಲಿ ಬಂದ ಸ್ವಿಫ್ಟ್. 1.3 ಲೀಟರ್ ಪೆಟ್ರೋಲ್ ಎಂಜಿನ್ನಿಗೆ 87 ಅಶ್ವಶಕ್ತಿ. ಆ ಬೆಲೆಯ ಪುಟ್ಟ ಕಾರಿಗೆ ಅದು ಆಗ ಭರ್ಜರಿ ಅನ್ನಿಸುವ ಅಂಕಿ. 2007ಕ್ಕೆ ಡೀಸೆಲ್ ಬಂತು. ಫಿಯೆಟ್ ವಿನ್ಯಾಸದ 1248 ಸಿಸಿ ಮಲ್ಟಿಜೆಟ್, 75 ಅಶ್ವಶಕ್ತಿ, 190 ನ್ಯೂಟನ್ ಮೀಟರ್ ಟಾರ್ಕ್. ಇದೇ ಎಂಜಿನ್ ರಿಟ್ಜ್, ಡಿಜೈರ್, ವಿಸ್ತಾ, ಪುಂಟೊ ಎಲ್ಲದರ ಹೊಟ್ಟೆಯಲ್ಲೂ ಕೂತಿದ್ದರಿಂದ ಜನ ಇದಕ್ಕೆ ‘ನ್ಯಾಷನಲ್ ಎಂಜಿನ್’ ಅಂತಲೇ ಹೆಸರಿಟ್ಟರು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದಾಗ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು.

ಈ ಡೀಸೆಲ್ ಸ್ವಿಫ್ಟಿನ ಗುಣ ಓಡಿಸಿದವರಿಗೇ ಗೊತ್ತು. ಆರ್‌ಪಿಎಂ ಮೀಟರಿನ ಮುಳ್ಳು ಎರಡು ಸಾವಿರ ತಲುಪುವವರೆಗೆ ಗಾಡಿ ನಿದ್ದೆಗಣ್ಣಿನಲ್ಲಿರುತ್ತದೆ. ಮೂರನೇ ಗೇರಿನಲ್ಲಿ ಹಂಪ್ ಇಳಿಸಿ ಆಕ್ಸಿಲೇಟರ್ ತುಳಿದರೆ ಏನೂ ಆಗುವುದಿಲ್ಲ. ಒಂದು, ಎರಡು ಎಣಿಸುವಷ್ಟರಲ್ಲಿ ಬೆನ್ನಿಗೆ ಯಾರೋ ತಳ್ಳಿದ ಹಾಗೆ ಮುಂದಕ್ಕೆ ನುಗ್ಗುತ್ತದೆ. ಕಾರಣ ಟರ್ಬೊ. ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಪುಟ್ಟ ಪಂಕ ಅದು. ಹೊಗೆ ಸಾಕಷ್ಟು ಬರುವವರೆಗೆ ಅದಕ್ಕೆ ಉಸಿರಿಲ್ಲ. ಈ ನುಗ್ಗಾಟವನ್ನೇ ಹುಡುಗರು ಶಕ್ತಿ ಎಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಪೆಟ್ರೋಲ್ ಸ್ವಿಫ್ಟ್ ಈ ಆಟ ಆಡುವುದಿಲ್ಲ, ಮೂತಿಯೂ ಹಗುರ, ತಿರುವಿನಲ್ಲಿ ಚುರುಕು. ನಿಜವಾದ ಓಟದ ಗಾಡಿ ಅದೇ ಅಂತ ಈಗ ಹೇಳುತ್ತೇನೆ. ಆದರೆ ನಮ್ಮ ಕಡೆ ತೋಟದಿಂದ ಮಂಡಿಗೆ, ಮಂಡಿಯಿಂದ ಬೆಂಗಳೂರಿಗೆ ಸುತ್ತುವವನು ಮೈಲೇಜ್ ಬಿಟ್ಟು ಮೂತಿಯ ತೂಕ ನೋಡುವುದಿಲ್ಲ.

ಇನ್ನು ಮಾಡಿಫೈ ಮಾತಿಗೆ ಬರೋಣ. ನನ್ನ ಗಾಡಿಗೆ ಮೊದಲು ಬಂದದ್ದು ಅಲಾಯ್ ವೀಲ್. ಟೈರಿನ ಬದಿಯ ಬರಹ ಓದುವುದನ್ನು ಇಲ್ಲೇ ಕಲಿಯಬಹುದು. ವಿಡಿಐಗೆ ಕಂಪನಿ ಕೊಟ್ಟದ್ದು 165/80 ಆರ್ 14. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಬದಿಗೋಡೆಯ ಎತ್ತರ, ಅಗಲದ ಶೇಕಡಾವಾರು. ಕೊನೆಯದು ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಅಂದರೆ ಬದಿಗೋಡೆ 132 ಮಿ.ಮೀ. ನಾನು ಹಾಕಿಸಿದ್ದು 195/55 ಆರ್ 16. ಬದಿಗೋಡೆ 107 ಮಿ.ಮೀ. ಚಕ್ರದ ಒಟ್ಟು ಎತ್ತರ ಎರಡರಲ್ಲೂ ಸುಮಾರು 620 ಮಿ.ಮೀ., ಹಾಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳಲಿಲ್ಲ. ಕಡಿಮೆಯಾದದ್ದು ರಬ್ಬರು, ಹೆಚ್ಚಾದದ್ದು ಲೋಹ. ಹೈವೇಯಲ್ಲಿ ಸ್ಟೇರಿಂಗ್ ತಿರುಗಿಸಿದೊಡನೆ ಗಾಡಿ ತಿರುಗುವ ಖುಷಿ ಬಂದದ್ದು ನಿಜ. ಆದರೆ ಆ 25 ಮಿಲಿಮೀಟರ್ ರಬ್ಬರು ಎಷ್ಟು ಏಟು ತಿನ್ನುತ್ತಿತ್ತು ಅಂತ ತಿಳಿದದ್ದು ಊರ ರಸ್ತೆಯ ಗುಂಡಿಯಲ್ಲಿ, ಎಡ ಮುಂದಿನ ರಿಮ್ ಸೊಟ್ಟಗಾದಾಗ. ಟೈರಿನ ಬದಿಯಲ್ಲಿ ಕೋಳಿಮೊಟ್ಟೆ ಗಾತ್ರದ ಬುಗುಟು. ಪಂಕ್ಚರ್ ಅಂಗಡಿಯವನು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ‘ಅಣ್ಣಾ, ಒಳಗೆ ದಾರ ಕಿತ್ತೋಗೈತೆ, ಇದರ ಮೇಲೆ ಶಿರಾಗಂಟಲೂ ಹೋಗಬೇಡ’ ಅಂದ. ಅದೇ ಕಾರಿನ ಮೇಲಿನ ಮಾದರಿಗೆ ಕಂಪನಿಯೇ ಕೊಡುವ 185/65 ಆರ್ 15 ಈಗ ನನ್ನ ಗಾಡಿಯಲ್ಲಿದೆ. ನಮ್ಮ ರಸ್ತೆಗೆ ಅದೇ ಗಡಿ.

ಎರಡನೆಯದು ಗಾಡಿ ತಗ್ಗಿಸುವ ಸ್ಪ್ರಿಂಗ್. ಇದರ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಕಾರು ನೆಲಕ್ಕೆ ಹತ್ತಿರವಾದಷ್ಟೂ ತಿರುವಿನಲ್ಲಿ ಓಲಾಡುವುದು ಕಡಿಮೆ. ಇದು ನಿಜವಾದ ವಿಜ್ಞಾನ, ತೋರಿಕೆಯಲ್ಲ. ನನ್ನ ಸ್ವಿಫ್ಟಿನ ಕೆಳಗೆ ಕಂಪನಿ ಬಿಟ್ಟ ಜಾಗ 170 ಮಿ.ಮೀ. ಹೊಸ ಸ್ಪ್ರಿಂಗ್ ಅದರಲ್ಲಿ 40 ಮಿ.ಮೀ. ತಿಂದಿತು. ಹಂಪುಗಳಲ್ಲಿ ಅಡಿ ತಾಗುತ್ತಿತ್ತು, ಓರೆಯಾಗಿ ಇಳಿಸುವುದು ಅಭ್ಯಾಸವಾಯಿತು. ಆಮೇಲೆ ಸುಗ್ಗಿ ಬಂತು. ನಮ್ಮಲ್ಲಿ ಕಣ ಮಾಡುವ ಕಷ್ಟ ತಪ್ಪಿಸಿಕೊಳ್ಳಲು ಹುರುಳಿ, ರಾಗಿಯನ್ನು ಡಾಂಬರು ರಸ್ತೆಗೇ ಹರಡುತ್ತಾರೆ. ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡಬೇಕು. ಅಂಥ ಒಂದು ಹುರುಳಿ ಹಾಸಿನ ಮೇಲೆ ನಿಧಾನವಾಗಿಯೇ ಹೋದೆ. ಒಂದು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ಸುಟ್ಟ ವಾಸನೆ. ಇಳಿದು ಬಗ್ಗಿ ನೋಡಿದರೆ ಬಳ್ಳಿ ಆಕ್ಸಲ್ಲಿಗೆ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿದೆ, ಒಂದು ಕಂತೆ ಸೈಲೆನ್ಸರ್ ಪೈಪಿಗೆ ಒರಗಿ ಹೊಗೆಯಾಡುತ್ತಿದೆ. ಎಂಜಿನ್ನಿಗೆ ಹತ್ತಿರದ ಆ ಪೈಪು ಓಡುವಾಗ ನೂರಾರು ಡಿಗ್ರಿ ಕಾದಿರುತ್ತದೆ, ಒಣ ಬಳ್ಳಿಗೆ ಅಷ್ಟು ಸಾಕು. ಪಕ್ಕದ ಹೊಲದಲ್ಲಿದ್ದ ಅಜ್ಜ ಕುಡುಗೋಲು ತಂದು ಕೊಯ್ದು ಕೊಟ್ಟ, ಬಿಂದಿಗೆ ನೀರು ಸುರಿದ. ಹೀಗೆಯೇ ಇಡೀ ಕಾರು ಸುಟ್ಟು ಕರಕಲಾದ ಸುದ್ದಿಗಳು ಸುಗ್ಗಿಯಲ್ಲಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತವೆ. ಮರುವಾರವೇ ಹಳೇ ಸ್ಪ್ರಿಂಗ್ ಹಾಕಿಸಿದೆ. ಯುರೋಪಿನ ಪುಸ್ತಕದಲ್ಲಿ ಸರಿಯಾದ ಸ್ಪ್ರಿಂಗ್ ಅಗಳಿಯ ಮಾಘಮಾಸದಲ್ಲಿ ತಪ್ಪು.

ಸದ್ದಿನ ಸೈಲೆನ್ಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟರ್ಬೊ ಡೀಸೆಲ್ಲಿಗೆ ಅದರಿಂದ ಬರುವ ಶಕ್ತಿ ನಗಣ್ಯ, ಊರವರ ಬೈಗುಳ ಮಾತ್ರ ನಗದು. ಬೋನೆಟ್ಟಿನೊಳಗೆ ಕೂರಿಸುವ ಕೋನ್ ಆಕಾರದ ಏರ್ ಫಿಲ್ಟರಿನದೂ ಅದೇ ಹಣೆಬರಹ: ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆಯುತ್ತದೆ. ಬಿಸಿಗಾಳಿ ತೆಳು, ತೆಳುಗಾಳಿಯಲ್ಲಿ ಆಮ್ಲಜನಕ ಕಡಿಮೆ.

ರೀಮ್ಯಾಪ್ ಬೇರೆ ಸಂಗತಿ. ಎಂಜಿನ್ನಿಗೆ ಎಷ್ಟು ಡೀಸೆಲ್, ಯಾವ ಗಳಿಗೆಯಲ್ಲಿ, ಟರ್ಬೊ ಒತ್ತಡ ಎಷ್ಟು ಅನ್ನುವುದನ್ನೆಲ್ಲ ಇಸಿಯು ಎಂಬ ಪುಟ್ಟ ಗಣಕ ತೀರ್ಮಾನಿಸುತ್ತದೆ. ಅದರ ಕೋಷ್ಟಕವನ್ನೇ ತಿದ್ದುವುದು ರೀಮ್ಯಾಪ್. ಬೆಂಗಳೂರಿನಲ್ಲಿ ಇದನ್ನು ಕಸುಬು ಮಾಡಿಕೊಂಡ ಅಂಗಡಿಗಳಿವೆ. ಇದೇ ಮಲ್ಟಿಜೆಟ್ಟಿಗೆ ಬೇರೆ ಟರ್ಬೊ ಕೂರಿಸಿ ಎರ್ಟಿಗಾ, ಸಿಯಾಜ್ ಕಾರುಗಳಲ್ಲಿ ಕಂಪನಿಯೇ 90 ಅಶ್ವಶಕ್ತಿ ತೆಗೆದಿತ್ತು. ಅಂದರೆ ಎಂಜಿನ್ನಿನಲ್ಲಿ ಜೀವ ಇದೆ. ಆದರೆ ಲಕ್ಷ ಕಿಲೋಮೀಟರ್ ದಾಟಿದ ಕ್ಲಚ್ಚಿಗೂ ಟರ್ಬೊಗೂ ಆ ಜೀವ ಇದೆಯೇ? ನಾನು ಮಾಡಿಸಲಿಲ್ಲ. ಮಾಡಿಸಿದ ಗೆಳೆಯರೊಬ್ಬರ ಗಾಡಿ ಓಡಿಸಿದ್ದೇನೆ. ಎರಡು ಸಾವಿರದ ಆಚೆ ಅದು ಬೇರೆಯೇ ಕಾರು, ಸುಳ್ಳು ಹೇಳಲಾರೆ. ಹಿಂದಿನಿಂದ ಕಪ್ಪು ಹೊಗೆ ಬರುವುದೂ ನಿಜ.

ಬ್ರೇಕ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಗಾಡಿ ನಿಲ್ಲಲು ಬೇಕಾದ ದೂರ ವೇಗದ ವರ್ಗದಂತೆ ಬೆಳೆಯುತ್ತದೆ. 60ರಲ್ಲಿ ಬ್ರೇಕ್ ಒತ್ತಿದ ಮೇಲೆ ಹೋಗುವ ದೂರಕ್ಕಿಂತ 80ರಲ್ಲಿ ಮುಕ್ಕಾಲು ಪಾಲು ಹೆಚ್ಚು ಹೋಗುತ್ತದೆ, 120ಕ್ಕೆ ನಾಲ್ಕರಷ್ಟು. ಬ್ರಿಟನ್ನಿನ ಮಿನಿ ಕಾರು ಇದಕ್ಕೆ ಒಳ್ಳೆಯ ಉದಾಹರಣೆ. 1959ರಲ್ಲಿ ಅದು ಬಂದಾಗ ಎಂಜಿನ್ 848 ಸಿಸಿ (ನಮ್ಮ ಡಾಲ್ಫಿನ್‌ನಷ್ಟೇ, ಕಾಕತಾಳೀಯ), 34 ಅಶ್ವಶಕ್ತಿ. ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಅದನ್ನು ತಿದ್ದಿದರು. 1961ರ ಮಿನಿ ಕೂಪರಿಗೆ 55 ಅಶ್ವಶಕ್ತಿ ಬಂತು, ಜೊತೆಯಲ್ಲೇ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. ಆ ಪುಟ್ಟ ಗಾಡಿ 1964, 1965, 1967ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು. ನಮ್ಮ ಹುಡುಗರು ಬ್ರೇಕಿನಲ್ಲಿ ನೋಡುವುದು ಬಣ್ಣವನ್ನು ಮಾತ್ರ. ನಮ್ಮ ಜಿಲ್ಲೆಯಲ್ಲೇ, ಪೆನುಕೊಂಡ ಬಳಿಯ ಎರ್ರಮಂಚಿಯಲ್ಲಿ, 2019ರಿಂದ ಕಿಯಾ ಕಾರ್ಖಾನೆ ನಡೆಯುತ್ತಿದೆ. ಅಲ್ಲಿ ತಯಾರಾಗುವ ಸೆಲ್ಟಾಸ್‌ನ ಜಿಟಿ ಲೈನ್ ಮಾದರಿಗೆ ಬ್ರೇಕ್ ಕ್ಯಾಲಿಪರ್ ಕೆಂಪು ಬಣ್ಣದ್ದಾಗಿತ್ತು. ಅದನ್ನು ನೋಡಿ ನಮ್ಮ ಹುಡುಗರು ಸ್ವಿಫ್ಟಿಗೂ ಕೆಂಪು ಪೇಂಟ್ ಡಬ್ಬಿ ತರುತ್ತಾರೆ. ಬಣ್ಣಕ್ಕೆ ಗಾಡಿ ನಿಲ್ಲುವುದಿಲ್ಲ. ಸವೆದ ಪ್ಯಾಡು, ಹಳೇ ಬ್ರೇಕ್ ಆಯಿಲ್ ಬದಲಿಸಿದರೆ ನಿಲ್ಲುತ್ತದೆ. ನನ್ನ ಗಾಡಿಗೆ ಮಾಡಿಸಿದ ಖರ್ಚಿನಲ್ಲಿ ಒಂದು ಪೈಸೆಯೂ ದಂಡವಾಗದ್ದು ಅಂದರೆ ಒಳ್ಳೆಯ ಟೈರು, ಬ್ರೇಕ್ ಪ್ಯಾಡು, ಸವೆದ ಬುಷ್‌ಗಳು, ನಾಲ್ಕು ಹೊಸ ಶಾಕಪ್. ಹೊರಗಿನಿಂದ ಅವು ಕಾಣುವುದೇ ಇಲ್ಲ.

ಕಾನೂನು ಗಡಿಯ ಎರಡೂ ಕಡೆ ಒಂದೇ, ಏಕೆಂದರೆ ಮೋಟಾರು ವಾಹನ ಕಾಯ್ದೆ ಕೇಂದ್ರದ್ದು. ಅದರ 52ನೇ ಕಲಂ ಪ್ರಕಾರ ಕಂಪನಿ ನಮೂದಿಸಿದ ಮೂಲ ವಿವರಕ್ಕೆ ಆರ್‌ಸಿ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದು ಸೇರಿತು. ಗಾಜಿಗೆ ಕಪ್ಪು ಫಿಲಂ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿದೆ. ವಿಮೆ ಕಂಪನಿಗೆ ತಿಳಿಸದೆ ಎಂಜಿನ್ ಮುಟ್ಟಿದರೆ ಅಪಘಾತವಾದ ದಿನ ಕ್ಲೇಮ್ ಕೈಗೆ ಬರದೇ ಹೋಗಬಹುದು.

ಕೊನೆಗೆ ಒಂದು ಮಾತು, ಈಗಾಗಲೇ ಗಾಡಿ ಬದಲಿಸಿಕೊಂಡವರಿಗೆ. ಸ್ವಂತ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ತಪಾಸಣೆಗೆ ಒಯ್ದು ನವೀಕರಿಸಬೇಕು. ನನ್ನ 2012ರ ಸ್ವಿಫ್ಟಿಗೆ ಆ ಸರದಿ 2027ರಲ್ಲಿ. ಆದ್ದರಿಂದ ಬಿಚ್ಚಿದ ಕಂಪನಿಯ ಸೈಲೆನ್ಸರ್, ರಿಮ್, ಸ್ಪ್ರಿಂಗುಗಳನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ.