ತಂಡಗಳ ಚದುರಂಗದಲ್ಲಿ ಅಂಕಗಣನೆ

ಸಂಘಸಂಘಗಳ ನಡುವಣ ಚದುರಂಗದ ನಿಯಮಗಳಲ್ಲಿ ಹೆಚ್ಚು ವಿಚಾರಾರ್ಹವಾದುದು ಅಂಕಗಣನೆಯೆಂದು ನಾವು ಭಾವಿಸುತ್ತೇವೆ. 1980ರಲ್ಲಿ ಆರಂಭವಾದ ಜರ್ಮನಿಯ ಬುಂಡೆಸ್‌ಲೀಗಾದಲ್ಲಿ ತಂಡಕ್ಕೆ ಎಂಟು ಮಂದಿ ಎಂಟು ಮಣೆಗಳಲ್ಲಿ ಆಡುತ್ತಾರೆ. ಗೆದ್ದ ಆಟಕ್ಕೆ 1 ಅಂಕ, ಸಮವಾದುದಕ್ಕೆ ½. ಇವುಗಳ ಮೊತ್ತದಲ್ಲಿ ಮೇಲುಗೈಯಾದ ತಂಡಕ್ಕೆ ಪಂದ್ಯದ 2 ಅಂಕ ಸಲ್ಲುತ್ತದೆ; ಎಂಟನ್ನೂ ಗೆದ್ದರೂ ಎರಡೇ. ಇದು ಅನ್ಯಾಯವಲ್ಲವೇ?

ಮೂರು ಪಂದ್ಯಗಳನ್ನೂ 4½–3½ರಂತೆ ಗೆದ್ದ ತಂಡದ ಆಟದಂಕ 13½. ಎರಡನ್ನು 8–0ರಂತೆ ಗೆದ್ದು ಒಂದನ್ನು 3½–4½ರಂತೆ ಸೋತ ತಂಡದ್ದು 19½. ಆಟದಂಕವೇ ಪ್ರಮಾಣವಾದರೆ ಸೋಲನ್ನೇ ಕಾಣದ ತಂಡ ಹಿಂದೆ ಬೀಳುತ್ತದೆ. ರಾಷ್ಟ್ರಗಳ ಒಲಿಂಪಿಯಾಡ್‌ ಕೂಡ 2006ರ ಟುರಿನ್‌ವರೆಗೆ ಆಟದಂಕವನ್ನು ನೆಚ್ಚಿ, 2008ರ ಡ್ರೆಸ್ಡೆನ್‌ನಲ್ಲಿ ಪಂದ್ಯದಂಕಕ್ಕೆ ತಿರುಗಿತು.

ಆದರೂ ಆಟದಂಕ ನಿರರ್ಥಕವಲ್ಲ. ಪಂದ್ಯದಂಕ ಸಮವಾದಲ್ಲಿ ಲೀಗಾದ ಶ್ರೇಣಿಯನ್ನು ಸಾಮಾನ್ಯವಾಗಿ ಅದೇ ನಿರ್ಣಯಿಸುವುದರಿಂದ, ತಂಡ ಸೋತ ಮೇಲೂ ಎಂಟನೆಯ ಮಣೆಯವನು ಅರ್ಧ ಅಂಕಕ್ಕಾಗಿ ಹೆಣಗುತ್ತಾನೆ.