ತೂಕ ಇಳಿಸಲು ನುಂಗಿದ ಗುಳಿಗೆ, ಉಸಿರಿಗೇ ಬಂದ ಸಂಚಕಾರ

ಬಸ್ ಸ್ಟ್ಯಾಂಡಿನ ಗೋಡೆ, ಕರೆಂಟು ಕಂಬ, ಸಂತೆ ಮಾಳದ ಕಾಂಪೌಂಡು, ಎಲ್ಲಿ ನೋಡಿದರೂ ಒಂದು ಚೀಟಿ ಅಂಟಿರುತ್ತದೆ: ‘ಒಂದೇ ತಿಂಗಳಲ್ಲಿ ತೂಕ ಇಳಿಸಿ.’ ಕೆಳಗೊಂದು ಫೋನ್ ನಂಬರು. ಡಾಕ್ಟರ ಹೆಸರಿಲ್ಲ. ಗುಳಿಗೆಯಲ್ಲಿ ಏನಿದೆ ಅನ್ನೋದಂತೂ ಇಲ್ಲವೇ ಇಲ್ಲ. ಮದುವೆ ಗೊತ್ತಾದ ಹುಡುಗಿ, ಎರಡು ಹೆತ್ತು ಮೈ ಬಂದ ಗೃಹಿಣಿ, ಕೂತಲ್ಲೇ ಹೊಟ್ಟೆ ಬೆಳೆಸಿದ ಗುಮಾಸ್ತ, ಗಿರಾಕಿಗಳಿಗೇನೂ ಬರವಿಲ್ಲ. ಇಂಥ ಗುಳಿಗೆಗಳು ಬೇರೆ ದೇಶಗಳಲ್ಲಿ ಮಾಡಿದ ಅನಾಹುತವನ್ನೂ, ಅದರ ಗುಟ್ಟನ್ನು ಹುಡುಕಿದ ವೈದ್ಯ ವಿಜ್ಞಾನಿಯೊಬ್ಬರ ಕೆಲಸವನ್ನೂ ಇವರೆಲ್ಲ ಒಮ್ಮೆ ತಿಳಿಯುವುದು ಒಳ್ಳೆಯದು.

1965ರಲ್ಲಿ ಸ್ವಿಟ್ಜರ್ಲೆಂಡ್, ಆಸ್ಟ್ರಿಯ ಮತ್ತು ಆಗಿನ ಪಶ್ಚಿಮ ಜರ್ಮನಿಯಲ್ಲಿ ಅಮಿನೊರೆಕ್ಸ್ ಎಂಬ ಹಸಿವು ಮುರಿಯುವ ಗುಳಿಗೆ ಮಾರಾಟಕ್ಕೆ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ ಬರ್ನ್ ನಗರದ ವೈದ್ಯ ಗುರ್ಟ್ನರ್ ಗಾಬರಿಯಾದರು. ಅಪರೂಪಕ್ಕೊಂದು ಕಾಣುತ್ತಿದ್ದ ಶ್ವಾಸಕೋಶದ ರಕ್ತದೊತ್ತಡದ ಕಾಯಿಲೆ ಒಮ್ಮೆಲೇ ಸುಮಾರು 20 ಪಟ್ಟು ಏರಿತ್ತು. ವಿಚಾರಿಸಿದರೆ ಬಹಳ ಮಂದಿ ಅದೇ ಗುಳಿಗೆ ನುಂಗಿದವರು. 1968ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು. ಅಷ್ಟರಲ್ಲಿ ಅನೇಕರ ಪ್ರಾಣ ಹೋಗಿತ್ತು.

ಇದು ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ. ಅಲ್ಲ. ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ ಒತ್ತಡ. ಆರೋಗ್ಯವಂತರಲ್ಲಿ ಇದು ಸರಾಸರಿ 14 ಮಿ.ಮೀ. ಆಸುಪಾಸು, 20 ದಾಟಿದರೆ ಕಾಯಿಲೆ ಎಂದು 2018ರಿಂದ ಲೆಕ್ಕ. ನಾಳ ಕಿರಿದಾಗುತ್ತಾ, ಗೋಡೆ ದಪ್ಪವಾಗುತ್ತಾ ಹೋದಂತೆ ಹೃದಯ ಏದುಸಿರು ಬಿಟ್ಟು ತಳ್ಳಬೇಕಾಗುತ್ತದೆ. ಮೊದಲು ಮೆಟ್ಟಿಲು ಹತ್ತಿದರೆ ಉಬ್ಬಸ, ಆಮೇಲೆ ಕಾಲು ಊತ, ಕೊನೆಗೆ ಹೃದಯವೇ ಸೋಲುತ್ತದೆ.

ತೂಬು ಮುಚ್ಚಿದ್ದು ಯಾರು?

ಗುಳಿಗೆಗೂ ನಾಳಕ್ಕೂ ಏನು ಸಂಬಂಧ? ಉತ್ತರದ ಒಂದು ಮುಖ್ಯ ಭಾಗ ಸಿಕ್ಕಿದ್ದು ಅಮೆರಿಕದ ಮಿನಿಯಾಪೊಲಿಸ್ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ. ಅಲ್ಲಿನ ಡಾ. ಕೆನೆತ್ ವೇರ್ ಮತ್ತು ಸಂಗಡಿಗರು ಹಿಂದಿನಿಂದಲೂ ಬೇರೊಂದು ಒಗಟಿನ ಬೆನ್ನು ಹತ್ತಿದ್ದರು. ಗಾಳಿ ಸರಿಯಾಗಿ ಸಿಗದ ಶ್ವಾಸಕೋಶದ ಭಾಗಕ್ಕೆ ರಕ್ತನಾಳ ತಾನಾಗಿ ಬಿಗಿದುಕೊಳ್ಳುತ್ತದೆ, ರಕ್ತ ಗಾಳಿ ಇರುವ ಕಡೆ ತಿರುಗುತ್ತದೆ. ನೀರುಗಂಟಿ ಬಿತ್ತನೆಯಾಗದ ಗದ್ದೆಯ ಬಾಯಿ ಕಟ್ಟಿ, ಬೆಳೆ ಇರುವ ಗದ್ದೆಗೆ ನೀರು ಬಿಡುವ ಹಾಗೆ. 1946ರಲ್ಲಿ ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಲ್ಲಿ ಇದನ್ನು ತೋರಿಸಿದ್ದರು. ಆದರೆ ಬಾಯಿ ಕಟ್ಟುವುದು ಹೇಗೆ?

ರಕ್ತನಾಳದ ಗೋಡೆಯ ಸ್ನಾಯುಕೋಶದ ಮೈಮೇಲೆ ಕಣ್ಣಿಗೆ ಕಾಣದ ತೂಬುಗಳಿವೆ. ಇವೇ ಅಯಾನು ನಾಲೆಗಳು. ಪೊಟ್ಯಾಸಿಯಂ ತೂಬು ತೆರೆದಿದ್ದರೆ ಸ್ನಾಯು ಸಡಿಲ. ಅದು ಮುಚ್ಚಿತೆಂದರೆ ಕೋಶದೊಳಗಿನ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ತೂಬು ತೆರೆಯುತ್ತದೆ. ಕ್ಯಾಲ್ಸಿಯಂ ನುಗ್ಗಿ ಸ್ನಾಯು ಬಿಗಿಯುತ್ತದೆ. ಆಮ್ಲಜನಕ ಕಡಿಮೆಯಾದಾಗ ಮುಚ್ಚುವುದು ಈ ಪೊಟ್ಯಾಸಿಯಂ ತೂಬೇ ಎಂದು 1992ರಲ್ಲಿ ವೇರ್, ಸ್ಟೀಫನ್ ಆರ್ಚರ್ ಮತ್ತಿತರರು ವರದಿ ಮಾಡಿದರು. ಕೂದಲಿಗಿಂತ ಸಣ್ಣ ತುದಿಯ ಗಾಜಿನ ನಳಿಗೆಯನ್ನು ಕೋಶಕ್ಕೆ ತಾಗಿಸಿ ಕರೆಂಟು ಅಳೆಯುವ ವಿಧಾನ ಅವರ ಕೈಲಿತ್ತು. ಅದನ್ನು 1976ರಲ್ಲಿ ಜರ್ಮನಿಯ ನೇಹರ್ ಮತ್ತು ಸಕ್‌ಮನ್ ರೂಪಿಸಿದ್ದರು. 1991ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು.

1996ರಲ್ಲಿ ವೇರ್ ತಂಡ ಇಲಿಗಳ ಕೋಶಗಳ ಮೇಲೆ ಅಮಿನೊರೆಕ್ಸನ್ನೂ, ಅದೇ ಜಾತಿಯ ಫೆನ್‌ಫ್ಲುರಮಿನ್, ಡೆಕ್ಸ್‌ಫೆನ್‌ಫ್ಲುರಮಿನ್‌ಗಳನ್ನೂ ಹಾಕಿ ನೋಡಿತು. ಮೂರೂ ಪೊಟ್ಯಾಸಿಯಂ ಕರೆಂಟನ್ನು ತಗ್ಗಿಸಿದವು, ಶ್ವಾಸಕೋಶದ ನಾಳ ಬಿಗಿಯಿತು! ಸಿರೊಟೋನಿನ್ ಎಂಬ ರಾಸಾಯನಿಕದ ಕೈವಾಡವೂ ಇದೆ ಅಂತ ಬೇರೆ ವಿಜ್ಞಾನಿಗಳು ಹೇಳುತ್ತಾರೆ. ಎರಡೂ ಇರಬಹುದು.

ಗೊತ್ತಿದ್ದೂ ಬಿದ್ದ ಹಳ್ಳ

ಅದೇ 1996ರ ಏಪ್ರಿಲ್‌ನಲ್ಲಿ ಅಮೆರಿಕ ಡೆಕ್ಸ್‌ಫೆನ್‌ಫ್ಲುರಮಿನ್ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತ್ತು. ಆಗಸ್ಟ್‌ನಲ್ಲಿ ಯೂರೋಪಿನ 95 ರೋಗಿಗಳ ಅಧ್ಯಯನ ಪ್ರಕಟವಾಯಿತು. ಹಸಿವು ಮುರಿಯುವ ಔಷಧಿಯನ್ನು ಮೂರು ತಿಂಗಳಿಗಿಂತ ಹೆಚ್ಚು ನುಂಗಿದವರಿಗೆ ಈ ಕಾಯಿಲೆಯ ಅಪಾಯ 20 ಪಟ್ಟಿಗೂ ಮೀರಿ ಇತ್ತು. ಆದರೂ ಮಾರಾಟ ನಡೆಯಿತು. ಹೃದಯದ ಕವಾಟವೂ ಕೆಡುತ್ತದೆ ಅಂತ ಗೊತ್ತಾದ ಮೇಲೆ, 1997ರ ಸೆಪ್ಟೆಂಬರಿನಲ್ಲಿ ಎರಡೂ ಔಷಧಿ ವಾಪಸಾದವು.

ಗುಳಿಗೆ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ. ಅಂಥ ರೋಗಿಗಳ ಕೋಶಗಳಲ್ಲೂ ಪೊಟ್ಯಾಸಿಯಂ ತೂಬು ಕೆಟ್ಟಿರುವುದನ್ನು 1998ರಲ್ಲಿ ಜೇಸನ್ ಯುವಾನ್ ತಂಡ ತೋರಿಸಿತು. 2013ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದವರು ಕೆಲವು ಕುಟುಂಬಗಳಲ್ಲಿ ಇಂಥದೇ ಒಂದು ತೂಬಿನ ವಂಶವಾಹಿಯಲ್ಲೇ ದೋಷ ಕಂಡರು. ನಾಳ ಸಡಿಲಿಸುವ ಔಷಧಿಗಳು ಈಗ ಹಲವಿವೆ. ರೋಗಿಗಳ ಆಯಸ್ಸು ಹೆಚ್ಚಿದೆ. ಪೂರ್ತಿ ವಾಸಿ ಮಾಡುವ ಗುಳಿಗೆ ಮಾತ್ರ ಇಲ್ಲ.

ಇನ್ನೊಂದು ಮಾತು. ಅದೇ ಫೆನ್‌ಫ್ಲುರಮಿನ್‌ಗೆ 2020ರಲ್ಲಿ ಅಮೆರಿಕ ಮತ್ತೆ ಒಪ್ಪಿಗೆ ಕೊಟ್ಟಿತು. ತೂಕಕ್ಕಲ್ಲ, ಮಕ್ಕಳ ಒಂದು ಕಠಿಣ ಮೂರ್ಛೆ ರೋಗಕ್ಕೆ. ಗೊತ್ತಾದ ಅಳತೆ, ಕಾಲಕಾಲಕ್ಕೆ ಹೃದಯದ ಎಕೋ ಪರೀಕ್ಷೆ ಕಡ್ಡಾಯ. ಅಂದರೆ ಔಷಧಿಗಿಂತ ಅದನ್ನು ಯಾರು, ಯಾಕೆ, ಯಾರ ಕಣ್ಗಾವಲಿನಲ್ಲಿ ಕೊಡುತ್ತಾರೆ ಅನ್ನೋದೇ ಮುಖ್ಯ.

ಕಂಬದ ಮೇಲಿನ ಚೀಟಿಗೆ ಆ ಕಣ್ಗಾವಲಿಲ್ಲ. ಗುಳಿಗೆ ನುಂಗಿದ ಮೇಲೆ ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ‘ನಿಶ್ಶಕ್ತಿ’ ಅಂತ ಟಾನಿಕ್ ಕುಡಿಯುತ್ತಾ ಕೂರಬೇಡಿ. ನುಂಗಿದ್ದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಒಂದು ಎಕೋ ಮಾಡಿಸಿ. ತೂಕ ನಿಧಾನಕ್ಕೆ ಇಳಿದರೂ ನಡೆಯುತ್ತದೆ, ಉಸಿರು ನಿಲ್ಲಬಾರದು.