ಕಲ್ಲು ಮತ್ತು ಕೌದಿ: ಶೋಕಸ್ಮರಣೆಯ ಎರಡು ಬಗೆಗಳು

ಮಡಿದವರ ನೆನಪಿಗೆ ಕಲ್ಲು ನಿಲ್ಲಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದುದು. ಕಾಳಗದಲ್ಲಿ ಸತ್ತವನಿಗೆ ವೀರಗಲ್ಲು, ಗಂಡನ ಮರಣಾನಂತರ ಅಗ್ನಿಪ್ರವೇಶ ಮಾಡಿದವಳಿಗೆ ಮಾಸ್ತಿಕಲ್ಲು, ಸಲ್ಲೇಖನದಿಂದ ದೇಹವನ್ನು ತ್ಯಜಿಸಿದವರಿಗೆ ನಿಸಿದಿಗಲ್ಲು ಎಂಬ ವಿಭಾಗವನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಬೆಂಗಳೂರಿನ ದಕ್ಷಿಣಕ್ಕೆ, ಇಂದಿನ ಬಿ.ಟಿ.ಎಂ. ಬಡಾವಣೆಯಿಂದ ಕೆಲವೇ ಮೈಲಿಗಳ ದೂರದಲ್ಲಿ ಬೇಗೂರೆಂಬ ಊರಿದೆ. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ದೊರೆತ, ಸುಮಾರು ಕ್ರಿ.ಶ. ೯೦೦ರ ಒಂದು ಶಾಸನವು ಬೆಂಗುಳೂರ ಕಾಳಗದಲ್ಲಿ ನಾಗತ್ತರನ ಕಡೆಯವರಿಗೆ ಒದಗಿದ ಮರಣವನ್ನು ತಿಳಿಸುತ್ತದೆ. ಈ ಮಹಾನಗರದ ಹೆಸರು ನಮಗೆ ದೊರೆತಿರುವ ಬರಹಗಳಲ್ಲಿ ಮೊದಲು ಕಾಣಬರುವುದೇ ಒಂದು ಸಾವಿನ ನೆನಪಿನಲ್ಲಿ ಎಂಬುದು ಗಮನಾರ್ಹ.

ಆದರೆ ಈ ಕಲ್ಲುಗಳು ಯಾರ ಶೋಕವನ್ನು ಉಳಿಸಿವೆ? ಕ್ರಿ.ಶ. ೯೪೯-೫೦ರ ಆತಕೂರು ಶಾಸನವು, ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಗೆ ಅದರ ಒಡೆಯ ಮಣಲೆರನು ನಿಲ್ಲಿಸಿದ ಕಲ್ಲು. ಕ್ರಿ.ಶ. ೧೦೫೭ರ ಬೆಳತೂರು ಶಾಸನವು, ಗಂಡನ ಸಾವಿನ ಸುದ್ದಿ ಕೇಳಿ ಬೆಂಕಿಯನ್ನು ಹೊಕ್ಕ ದೇಕಬ್ಬೆಯ ಕಥೆಯನ್ನು ಪದ್ಯಗಳಲ್ಲಿ ವಿಸ್ತಾರವಾಗಿ ಹೇಳುತ್ತದೆ. ಬೇಟೆನಾಯಿಗೂ ಕಲ್ಲುಂಟು, ಗಂಡನ ಹಿಂದೆ ಪ್ರಾಣಬಿಟ್ಟವಳಿಗೂ ಕಲ್ಲುಂಟು. ಗಂಡ ಸತ್ತ ಮೇಲೆ ಬದುಕಿ ಉಳಿದು, ಮಕ್ಕಳನ್ನು ಸಾಕಿ, ನಲವತ್ತು ವರ್ಷ ಮನೆಯನ್ನು ನಡೆಸಿದವಳ ದುಃಖಕ್ಕೆ ಶಿಲೆಯಲ್ಲಿ ಎಡೆ ದೊರೆತುದು ವಿರಳ. ಅಂಥವರ ಶೋಕವು ಯಾವ ಗುರುತನ್ನೂ ಬಿಡದೆ ಹೋಯಿತೇ? ಬಿಟ್ಟಿದೆಯೆಂದೂ, ಅದನ್ನು ಕಲ್ಲಿನಲ್ಲಲ್ಲದೆ ಬಟ್ಟೆಯಲ್ಲಿ ಹುಡುಕಬೇಕೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹಾಸಿ, ಕೈಹೊಲಿಗೆಯಿಂದ ಒಂದುಗೂಡಿಸಿದ ಹೊದಿಕೆಯೇ ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ. ಬೊಂತೆ ಎಂಬ ಹೆಸರೂ ಕನ್ನಡದಲ್ಲಿ ಉಂಟು. ಇಳಕಲ್ಲಿನ ನೂಲಿನ ಸೀರೆ, ಧೋತರ, ರುಮಾಲು, ಗುಳೇದಗುಡ್ಡದ ಖಣದ ಕುಪ್ಪಸ, ಮಕ್ಕಳ ಅಂಗಿ, ಹೀಗೆ ತೊಟ್ಟು ಸವೆದ ಎಲ್ಲವೂ ಅದರಲ್ಲಿ ಸೇರುತ್ತವೆ. ಸವೆದ ಬಟ್ಟೆಯೇ ಇದಕ್ಕೆ ಬೇಕು. ಹೊಸ ಬಟ್ಟೆ ಗಡುಸು. ನೂರಾರು ಸಲ ಒಗೆದ ನೂಲು ಮೃದುವಾಗಿ ಮೈಗೆ ಒಗ್ಗುತ್ತದೆ. ಬಾಣಂತಿಯ ಮನೆಯಲ್ಲಿ ಕೂಸಿನ ತೊಟ್ಟಿಲಿಗೆ ಅಜ್ಜಿಯ ಹಳೆಯ ಸೀರೆಯ ಕೌದಿಯನ್ನೇ ಹಾಸಲು ಇದೂ ಒಂದು ಕಾರಣ.

ಕೌದಿಯ ಹೊಲಿಗೆಯ ಕ್ರಮವೂ ವಿಶಿಷ್ಟವಾದುದು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಂಗಸರ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅಭ್ಯಾಸಮಾಡಿದ್ದಾರೆ. ಆಫ್ರಿಕ ಮೂಲದವರಾದ ಸಿದ್ದಿಯರು ಒಂದು ಮೂಲೆಯಿಂದ ಹೊಲಿಗೆಯನ್ನು ಆರಂಭಿಸಿ, ಅಂಚಿನಗುಂಟ ಸುತ್ತುತ್ತ, ತುಣುಕಿಗೆ ತುಣುಕನ್ನು ಸೇರಿಸುತ್ತ, ಕೊನೆಗೆ ನಡುವಣ ಭಾಗಕ್ಕೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಲ್ಲಿ ‘ಫುಲಾ’ ಎಂಬ ಮಡಿಕೆಯ ಹೂಗಳಿರಬೇಕು. ಅವಿಲ್ಲದ ಕೌದಿ ಬೆತ್ತಲೆಯೆಂದು ಅವರ ಭಾವನೆ. ಉತ್ತರ ಕರ್ನಾಟಕದ ಕೆಲವೆಡೆಗಳಲ್ಲಿ ಹೊಲಿಗೆ ಮುಗಿಯುವ ಮುನ್ನ ಉಳಿದ ಕಿರುಜಾಗದಲ್ಲಿ ತಿನ್ನುವ ಪದಾರ್ಥದ ತುಣುಕೊಂದನ್ನು ಇಟ್ಟು ಮುಚ್ಚುವ ರೂಢಿಯುಂಟು. ಕೌದಿಯ ಹೊಟ್ಟೆ ಬರಿದಾಗಿರಬಾರದೆಂಬುದು ಇದರ ಅಭಿಪ್ರಾಯ. ಹೊಟ್ಟೆಯುಳ್ಳ, ಬೆತ್ತಲೆಯಾಗಬಾರದ ವಸ್ತುವನ್ನು ಕೇವಲ ಹೊದಿಕೆಯೆಂದು ಅದನ್ನು ಹೊಲಿದವರು ಎಣಿಸಿರಲಿಲ್ಲವೆಂಬುದು ಸ್ಪಷ್ಟ.

ಇನ್ನು ಶೋಕದ ವಿಷಯ. ಮರಣಕಾಲದಲ್ಲಿ ಮೈಮೇಲಿದ್ದ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳದಿರುವುದು ಅನೇಕ ಸಮುದಾಯಗಳ ಆಚಾರ. ಆದರೆ ಪೆಟ್ಟಿಗೆಯಲ್ಲಿ ಉಳಿದ ಉಡುಪುಗಳ ಪ್ರಶ್ನೆ ಬೇರೆ. ಅವನ್ನು ಉಡುವವರಿಲ್ಲ, ಎಸೆಯಲು ಮನಸ್ಸು ಒಪ್ಪದು, ಹಾಗೆಯೇ ಇಟ್ಟರೆ ಪೆಟ್ಟಿಗೆ ತೆರೆದಾಗಲೆಲ್ಲ ಸಂಕಟ. ಕೌದಿಯು ಈ ಇಕ್ಕಟ್ಟಿಗೆ ಒಂದು ದಾರಿಯನ್ನು ತೋರಿಸುತ್ತದೆ. ಸೀರೆಯನ್ನು ಹರಿಯಬೇಕು, ಆದುದರಿಂದ ಅದು ಇನ್ನು ಅವಳ ಸೀರೆಯಲ್ಲವೆಂದು ಒಪ್ಪಿಕೊಳ್ಳಬೇಕು. ಹರಿದುದನ್ನು ಮತ್ತೆ ಜೋಡಿಸಬೇಕು; ಆದುದರಿಂದ ಅದು ಮನೆಯಲ್ಲೇ ಉಳಿಯುತ್ತದೆ. ಅಗಲಿಕೆ, ಉಳಿವು ಎರಡೂ ಒಂದೇ ಕೆಲಸದಲ್ಲಿ ನೆರವೇರುತ್ತವೆ. ಸಾವಿನ ಮನೆಯಲ್ಲಿ ಹೆಂಗಸರು ಹಾಡಿ ಹಾಡಿ ಅಳುವ ರೂಢಿ ಉತ್ತರ ಕರ್ನಾಟಕದಲ್ಲಿದೆ. ಆ ಅಳುವಿಗೆ ಕೆಲವು ದಿನಗಳ ಮಿತಿಯುಂಟು. ನೆಂಟರು ಊರಿಗೆ ಹಿಂತಿರುಗಿದ ಮೇಲೆ ಉಳಿಯುವ ಮೂಕ ದುಃಖಕ್ಕೆ ಬೇಸಗೆಯ ಮಧ್ಯಾಹ್ನಗಳ ಹೊಲಿಗೆಯೇ ಒದಗುತ್ತದೆ. ಕೈ ಒಂದೇ ಬಗೆಯ ಎಳೆಯನ್ನು ಹಾಕುತ್ತಿರುವಾಗ, ನೆರೆಯವಳು ಇನ್ನೊಂದು ಅಂಚಿನಲ್ಲಿ ಕುಳಿತಿರುವಾಗ, ಸತ್ತವರ ಮಾತು ತಾನಾಗಿ ಬರುತ್ತದೆ. ಬಾರದಿದ್ದರೆ ಮೌನಕ್ಕೂ ಒಂದು ಕೆಲಸವಿರುತ್ತದೆ.

ಈ ಶತಮಾನಕ್ಕೆ ಸಮೀಪದ ಮನಶ್ಶಾಸ್ತ್ರವೂ ಇದಕ್ಕೆ ಹೊಂದುವ ನಿಲುವಿಗೆ ಬಂದಿದೆ. ಫ್ರಾಯ್ಡ್ ೧೯೧೭ರ ತನ್ನ ಪ್ರಬಂಧದಲ್ಲಿ, ಶೋಕದ ಕಾರ್ಯವು ಸತ್ತವರಲ್ಲಿ ನೆಲೆಗೊಂಡ ಮಮತೆಯನ್ನು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ತೆಗೆದುಕೊಳ್ಳುವುದು ಎಂದು ಪ್ರತಿಪಾದಿಸಿದ. ೧೯೯೬ರಲ್ಲಿ ಡೆನ್ನಿಸ್ ಕ್ಲಾಸ್ ಮತ್ತು ಸಂಗಡಿಗರು, ಬದುಕಿರುವವರು ಸತ್ತವರೊಡನೆ ನಂಟನ್ನು ಬೇರೊಂದು ರೂಪದಲ್ಲಿ ಮುಂದುವರಿಸುವುದು ಸಹಜವೇ ಹೊರತು ವಿಕಾರವಲ್ಲವೆಂದು ವಾದಿಸಿದರು. ೧೯೯೯ರಲ್ಲಿ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಸ್ಕುಟ್ ಅವರು, ಶೋಕಿಸುವ ಮನಸ್ಸು ನಷ್ಟದ ಕಡೆಗೂ ದಿನದ ಬಾಳಿನ ಕಡೆಗೂ ತೂಗಾಡುತ್ತ ಸಾಗುತ್ತದೆಂದು ವಿವರಿಸಿದರು. ಸತ್ತವಳ ಸೀರೆಯಿಂದ ಹುಟ್ಟಲಿರುವ ಕೂಸಿಗೆ ಹೊದಿಕೆ ಹೊಲಿಯುವವಳಲ್ಲಿ ಈ ಎರಡು ಕಡೆಗಳೂ ಒಂದೇ ಸೂಜಿಯಲ್ಲಿ ಸೇರಿವೆ.

ಬಟ್ಟೆಗೂ ಶೋಕಕ್ಕೂ ಇರುವ ಈ ನಂಟು ನಮ್ಮ ನಾಡಿಗೆ ಮಾತ್ರ ಮೀಸಲಾದುದಲ್ಲ. ಬಂಗಾಳದಲ್ಲಿ ಹಳೆಯ ಸೀರೆಗಳಿಂದ ಮಾಡುವ ಕಾಂಥಾ ನಮ್ಮ ಕೌದಿಯ ಹತ್ತಿರದ ಬಂಧು. ಜಸೀಮುದ್ದೀನ್ ಕವಿಯ ೧೯೨೯ರ ‘ನಕ್ಷಿ ಕಾಂಥಾರ್ ಮಾಠ್’ ಕಥನಕಾವ್ಯದಲ್ಲಿ ಅಗಲಿದ ಗಂಡನಿಗಾಗಿ ಕೊರಗುವ ನಾಯಿಕೆ ತನ್ನ ಬಾಳನ್ನೆಲ್ಲ ಕಾಂಥಾದ ಮೇಲೆ ಕಸೂತಿ ಹಾಕುತ್ತಾಳೆ. ಕೊನೆಗೆ ಅದು ಅವಳ ಗೋರಿಯ ಹೊದಿಕೆಯಾಗುತ್ತದೆ. ದಕ್ಷಿಣ ಅಮೆರಿಕದ ಚಿಲಿಯಲ್ಲಿ ೧೯೭೩ರ ಸೈನಿಕ ಕ್ರಾಂತಿಯ ತರುವಾಯ ಕಣ್ಮರೆಯಾದವರ ತಾಯಂದಿರೂ ಹೆಂಡಂದಿರೂ ಗೋಣಿಬಟ್ಟೆಯ ಮೇಲೆ ಚಿಂದಿಗಳನ್ನು ಹೊಲಿದು ತಮ್ಮ ಕಥೆಯನ್ನು ಚಿತ್ರಿಸಿದರು. ಈ ‘ಅರ್ಪಿಯೇರಾ’ಗಳು ಬಾಯಿ ಬಿಡಲಾಗದ ಕಾಲದಲ್ಲಿ ಹೊರದೇಶಗಳಿಗೆ ಸುದ್ದಿಯನ್ನು ಒಯ್ದವು. ೧೯೮೭ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ನಗರದಲ್ಲಿ ಏಡ್ಸ್ ರೋಗದಿಂದ ಸತ್ತವರ ಸ್ಮರಣೆಗಾಗಿ ೧,೯೨೦ ಬಟ್ಟೆಯ ಫಲಕಗಳನ್ನು ಹಾಸಲಾಯಿತು. ಪ್ರತಿಯೊಂದರ ಅಳತೆ ಮೂರು ಅಡಿಗೆ ಆರು ಅಡಿ, ಅಂದರೆ ಒಂದು ಗೋರಿಯಷ್ಟು.

ಇವುಗಳೊಡನೆ ಹೋಲಿಸಿದಾಗ ಕೌದಿಯ ವೈಶಿಷ್ಟ್ಯ ಗೋಚರವಾಗುತ್ತದೆ. ಚಿಲಿಯ ಬಟ್ಟೆ ಲೋಕಕ್ಕೆ ಹೇಳುತ್ತದೆ. ವಾಷಿಂಗ್ಟನ್ನಿನದು ಲೋಕಕ್ಕೆ ತೋರಿಸುತ್ತದೆ. ಕೌದಿ ಹೇಳುವುದೂ ಇಲ್ಲ, ತೋರಿಸುವುದೂ ಇಲ್ಲ. ಅದರ ಮೇಲೆ ಹೆಸರಿಲ್ಲ, ತೇದಿಯಿಲ್ಲ. ಅದು ಚಳಿಗೆ ಹೊದೆಯುವ ವಸ್ತು. ನೆನಪನ್ನು ಬೇರೆಯಾಗಿ ಎತ್ತಿಡದೆ ದಿನಬಳಕೆಯಲ್ಲಿ ಸವೆಯಗೊಡುವುದೇ ಅದರ ರೀತಿ. ಸವೆದ ಭಾಗದ ಮೇಲೆ ಮತ್ತೊಂದು ತಲೆಮಾರಿನ ತೇಪೆ ಕೂರುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಕೌದಿಗಳೂ ಶೋಕದಿಂದ ಹುಟ್ಟಿದವೆಂದು ತಿಳಿಯಬಾರದು. ಬಡತನ, ಮಿತವ್ಯಯ, ಚಳಿ ಇವೇ ಮೊದಲ ಕಾರಣಗಳು. ಕೌದಿ ಹೊಲಿಯುವುದನ್ನೇ ಕಸುಬಾಗಿ ಉಳ್ಳ ಹೆಂಗಸರೂ ಇದ್ದಾರೆ. ಅವರಿಗೆ ಅದು ಕೂಲಿ. ಆದರೆ ಶೋಕಕ್ಕೆ ಪ್ರತ್ಯೇಕ ವಿರಾಮವಾಗಲಿ ಪ್ರತ್ಯೇಕ ಸಾಮಗ್ರಿಯಾಗಲಿ ಇಲ್ಲದ ಮನೆಗಳಲ್ಲಿ, ಮಾಡಲೇಬೇಕಾದ ಕೆಲಸವೇ ಅದಕ್ಕೆ ಆಸರೆಯಾಯಿತೆಂಬುದು ಗಮನಿಸತಕ್ಕ ಸಂಗತಿ.

ಈಚೆಗೆ ಜಯನಗರ, ಬನಶಂಕರಿ ಮೊದಲಾದ ಬಡಾವಣೆಗಳ ಕುಟುಂಬಗಳಲ್ಲಿಯೂ ತೀರಿಕೊಂಡ ತಾಯಿಯ ಸೀರೆಗಳನ್ನು ಕೊಟ್ಟು ಕೌದಿ ಹೊಲಿಸಿ ತರಿಸುವುದುಂಟು. ಇದು ಸಂತೋಷದ ವಿಷಯವೇ. ಆದರೆ ಹಳ್ಳಿಯ ಮನೆಯಲ್ಲಿ ಕೂಲಿಗೆ ಹೊಲಿಸುವಾಗಲೂ ಮನೆಯವರು ಪಕ್ಕದಲ್ಲಿ ಕುಳಿತು, ಇದು ಯಾರದು, ಇದನ್ನು ಯಾವಾಗ ಉಟ್ಟಿದ್ದರು ಎಂದು ಹೇಳುತ್ತ ಒಂದೊಂದೇ ಬಟ್ಟೆಯನ್ನು ಎತ್ತಿ ಕೊಡುತ್ತಿದ್ದರು. ದೂರದಿಂದ ಸಿದ್ಧವಾಗಿ ಬಂದ ಕೌದಿಯಲ್ಲಿ ಬಟ್ಟೆ ಬರುತ್ತದೆ, ಆ ಮಧ್ಯಾಹ್ನಗಳು ಬರುವುದಿಲ್ಲ.

ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಕರ್ತವ್ಯವಿದೆ. ಬೇಗೂರಿನ ಕಲ್ಲು ಸಾವಿರ ವರ್ಷಗಳಿಗೂ ಮೀರಿ ಬಾಳಿತು. ಅದನ್ನು ಓದುವವರು ತಡವಾಗಿ ಬಂದರೂ ನಷ್ಟವಾಗಲಿಲ್ಲ. ಕೌದಿಯಾದರೋ ಕೆಲವು ದಶಕಗಳಲ್ಲಿ ಜೀರ್ಣವಾಗುತ್ತದೆ. ಅದರ ಶಾಸನವು ಬಟ್ಟೆಯ ಮೇಲಿಲ್ಲ, ಹೊಲಿದವರ ನಾಲಗೆಯ ಮೇಲಿದೆ. ಮನೆಯಲ್ಲಿರುವ ಹಿರಿಯಳ ಬಳಿ ಕುಳಿತು, ಯಾವ ತುಣುಕು ಯಾರದು, ಯಾವ ವರ್ಷ ಯಾರು ಯಾರು ಕೂಡಿ ಹೊಲಿದರು ಎಂಬುದನ್ನು ಕೇಳಿ ಬರೆದಿಡುವುದಕ್ಕೆ ಲಿಪಿಶಾಸ್ತ್ರದ ಪಾಂಡಿತ್ಯ ಬೇಕಿಲ್ಲ. ಅವಳು ಇರುವಾಗಲೇ ಕೇಳಬೇಕು, ಅಷ್ಟೆ.